ಬಾಳೆಗುಡ್ಡದ ಕ್ಯಾಪ್ಟನ್

ಮಧ್ಯಾಹ್ನದ ಧಾರಾವಾಹಿ ಶುರುವಾಯಿತೆಂದರೆ ಮುದುಕ ಪ್ರೊಕೊಪ್ಯೊ ಊಟದ ಮೇಜಿನ ಮೇಲೆ ಜೋಳದ ಕಾಳು ಹರಡಿಕೊಂಡು ಕೂರುತ್ತಿದ್ದ. ರೇಡಿಯೋದಲ್ಲಿ ಕಾರ್ಪೊರಲ್ ಲಿನೋಗ್ ಒಂದು ಗುಂಡು ಹಾರಿಸಿದರೆ ಇವನು ಒಂದು ಕಾಳು ಪಕ್ಕಕ್ಕೆ ಸರಿಸುವುದು. ಎಂಟು ಕಾಳು ಮುಗಿದ ಮೇಲೂ ಗುಂಡು ಹಾರುತ್ತಲೇ ಇದ್ದರೆ ಮುದುಕನಿಗೆ ಮೈಯೆಲ್ಲ ಉರಿ.

"ಎಂಟು ಗುಂಡಿನ ಬಂದೂಕು ಕಣಮ್ಮ ಅದು! ಒಂಬತ್ತಾಯ್ತು, ಹತ್ತಾಯ್ತು, ಇನ್ನೂ ಹಾರ್ತಾನೇ ಇದೆ. ನಿನ್ನ ಕಾರ್ಪೊರಲ್ ಬಂದೂಕಿಗೇನು ನಲ್ಲಿ ಹಾಕಿಸ್ಕೊಂಡಿದಾನಾ?"

"ಲೋಲೋ, ಸಾರು ಆರ್ತಾ ಇದೆ. ಮೊದಲು ಉಣ್ಣಿ," ಎಂದಳು ಸೊಸೆ ಕ್ರಿಸಾಂತಾ. ಲೋಲೋ ಅಂದರೆ ತಾತ, ಮನೆಯವರೆಲ್ಲ ಅವನನ್ನು ಕರೆಯುವುದೇ ಹಾಗೆ.

"ಊಟ ಹೇಗೆ ಇಳೀಬೇಕು? ಮೂವತ್ತು ವರ್ಷ ಬಂದೂಕು ಹೊತ್ತವನು ನಾನು. ನನ್ನ ಮನೇಲೇ ಕೂತು ಇಂಥ ಬುರುಡೆ ಬರೀತೀಯಲ್ಲ!"

"ಆ ಬುರುಡೆಯಿಂದಲೇ ಈ ಮೀನು ಬಂದಿದ್ದು."

ಮುದುಕ ಮೀನಿನ ತಲೆಯನ್ನು ಮುರಿದು ಬಾಯಿಗೆ ಹಾಕಿಕೊಂಡ. ಇದು ಆ ಮನೆಯಲ್ಲಿ ದಿನಾ ನಡೆಯುವ ಜಗಳ, ಉಪ್ಪಿನಕಾಯಿಯ ಹಾಗೆ ಊಟಕ್ಕೆ ಬೇಕೇ ಬೇಕು.

ಸೆಬು ದ್ವೀಪದ ತಾಲಿಸಾಯ್‌ನ ಕಡಲ ದಂಡೆಯ ಆ ಮರದ ಮನೆಯಲ್ಲಿ ನಾಲ್ಕು ಜನ. ಕ್ರಿಸಾಂತಾ ವಿಧವೆ, ಇದೇ ಊಟದ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು 'ಕಾರ್ಪೊರಲ್ ಲಿನೋಗ್' ಬರೆಯುತ್ತಿದ್ದಳು. ಲಿನೋಗ್ ಅಂದರೆ ಭೂಕಂಪ. ಹೆಸರಿಗೆ ತಕ್ಕ ಹಾಗೆ ಅವನು ಒಂದು ಗುದ್ದಿಗೆ ಸೇತುವೆ ಉರುಳಿಸುತ್ತಿದ್ದ, ಸೆಬುವಿನ ಮೀನು ಮಾರುವ ಹೆಂಗಸರು ಆ ಹೊತ್ತಿಗೆ ತಕ್ಕಡಿ ಕೆಳಗಿಟ್ಟು ಕೇಳುತ್ತಿದ್ದರು. ಮಗಳು ಲೂದಿ ಅದರಲ್ಲಿ ನಾಯಕಿಗೆ ದನಿ ಕೊಡುವವಳು, ಈಗ ಬಸುರಿ. ಅವಳ ಗಂಡ ಸೆನ್ಯೊ ಸೈನ್ಯದಲ್ಲಿ ಜೀಪು ಓಡಿಸುತ್ತಿದ್ದ. ಮುದುಕ ಪ್ರೊಕೊಪ್ಯೊ ನಿವೃತ್ತ ಸಾರ್ಜೆಂಟ್, ಕ್ರಿಸಾಂತಾಳ ಮಾವ.

ಐದನೆಯವನೊಬ್ಬ ಇದ್ದ. ವಿದಾಲ್, ಕ್ರಿಸಾಂತಾಳ ಮಗ. ತಾತನ ಹಾಗೆ ಆಗುತ್ತೇನೆಂದು ಸೈನ್ಯ ಸೇರಿದ, ದಕ್ಷಿಣದ ದ್ವೀಪಕ್ಕೆ ಹೋದ, ಸೈನಿಕರು ಬಾಳೆಗುಡ್ಡ ಎಂದು ಕರೆಯುತ್ತಿದ್ದ ಒಂದು ಗುಡ್ಡದ ಮೇಲೆ ಸತ್ತ. ಸತ್ತವರು ಇಪ್ಪತ್ತು ಹುಡುಗರು. ಹತ್ತೊಂಬತ್ತು ಪೆಟ್ಟಿಗೆಗಳ ಮೇಲೆ ಬಾವುಟ ಇತ್ತು. ವಿದಾಲನ ಪೆಟ್ಟಿಗೆ ಬೋಳಾಗಿ ಬಂತು. ಅವನ ಕ್ಯಾಪ್ಟನ್ ತಬಾರೆಸ್ ವರದಿ ಕೊಟ್ಟಿದ್ದ: ಕೊನೆಯ ತನಕ ನಾನು ಹುಡುಗರ ಜೊತೆ ಗುಡ್ಡದ ಮೇಲಿದ್ದೆ, ಈ ವಿದಾಲ್ ಬೆನ್ನು ತೋರಿಸಿ ಓಡಿದ, ಅವನು ಬಿಟ್ಟುಹೋದ ಜಾಗದಿಂದಲೇ ಶತ್ರು ನುಗ್ಗಿದ, ಕಣ್ಣಾರೆ ಕಂಡೆ.

ಆಮೇಲೆ ಪಕ್ಕದ ಬೊಹೋಲ್ ದ್ವೀಪದ ಒಬ್ಬ ಕುಂಟ ಸೈನಿಕ ಮನೆ ಹುಡುಕಿಕೊಂಡು ಬಂದಿದ್ದ. ಕ್ರಿಸಾಂತಾ ಬಡಿಸಿದ ಮೀನನ್ನು ಮುಟ್ಟದೆ ಎಲ್ಲವನ್ನೂ ಹೇಳಿದ. ಕ್ಯಾಪ್ಟನ್ ಆ ದಿನ ಗುಡ್ಡ ಹತ್ತಲೇ ಇಲ್ಲ, ಕೆಳಗೆ ಪೇಟೆಯಲ್ಲಿ ಚೀನೀಯನ ಹೋಟೆಲಿನಲ್ಲಿ ನೂಡಲ್ಸ್ ತಿನ್ನುತ್ತಿದ್ದ. ಗಾಯಗೊಂಡವರನ್ನು ಬಿಟ್ಟು ಬರಲ್ಲ ಎಂದು ಕೂತವನು ವಿದಾಲ್. "ಇದನ್ನೇ ಬರೆದು ಸಹಿ ಹಾಕ್ತೀಯಾ ದೋಂಗ್, ಹುಡುಗಾ?" ಎಂದು ಮುದುಕ ಕೇಳಿದ. ಅವನು ಇಲ್ಲವೆಂದು ತಲೆಯಾಡಿಸಿ ಮುಂದಿನ ದೋಣಿಗೆ ಹೋಗಿಬಿಟ್ಟ. ಮುದುಕ ಅರ್ಜಿ ಮೇಲೆ ಅರ್ಜಿ ಹಾಕಿದ. ಪ್ರತಿ ಸಲವೂ ಒಂದೇ ಉತ್ತರ, ಕಣ್ಣಾರೆ ಕಂಡವರು ಕ್ಯಾಪ್ಟನ್, ಅವರ ಮಾತೇ ಸಾಕ್ಷಿ. ಮಾರುಕಟ್ಟೆಯಲ್ಲಿ ಕ್ರಿಸಾಂತಾಳ ಬೆನ್ನ ಹಿಂದೆ 'ಓಡಿಹೋದವನ ತಾಯಿ' ಎಂಬ ಹೆಸರು ನಿಂತುಹೋಯಿತು. ಕ್ಯಾಪ್ಟನ್ ತಬಾರೆಸ್ ಮೇಜರ್ ಆಗಿ ಬಡ್ತಿ ಪಡೆದು ತಾಲಿಸಾಯ್‌ನಲ್ಲೇ ಎರಡಂತಸ್ತಿನ ಮನೆ ಕಟ್ಟಿಸಿದ. ಕ್ರಿಸಾಂತಾಳ ಅಳಿಯ ಓಡಿಸುತ್ತಿದ್ದ ಜೀಪು ಆ ಮೇಜರನದೇ.

ಅವಳಿಗೆ ಬೇಕಾದದ್ದು ಒಂದೇ. ಆ ಮನುಷ್ಯ ಜನರೆದುರಿಗೆ, ತನ್ನ ಬಾಯಿಂದ, ನಾನು ಗುಡ್ಡದ ಮೇಲಿರಲಿಲ್ಲ ಅನ್ನಬೇಕು. ಪಾದ್ರಿ ಕ್ಷಮಿಸು ಅಂದಾಗಲೆಲ್ಲ ಅವಳು ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು, ಕ್ಷಮಿಸಿರಲಿಲ್ಲ.

*

ಬೂದಿ ಬುಧವಾರ ಕಳೆದ ಮೇಲೆ ಒಂದು ಸಂಜೆ ಮೇಜರ್ ತಬಾರೆಸ್ ತಾನೇ ಬಂದ. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಸುಟ್ಟ ಹಂದಿಯ ಪಕ್ಕೆ. ಉಪವಾಸದ ದಿನಗಳಲ್ಲಿ ಮಾಂಸ ತರುವಷ್ಟು ಭಂಡತನ ಅವನಿಗಿತ್ತು.

"ಮಿಸಿಸ್, ನಿಮ್ಮ ಲಿನೋಗನ್ನ ನಾನು ಒಂದು ದಿನ ತಪ್ಪಿಸಲ್ಲ. ನಿಮ್ಮ ಅಳಿಯನ್ನ ಕೇಳಿ, ಆ ಹೊತ್ತಿಗೆ ಜೀಪು ನಿಲ್ಲಿಸ್ತೀನಿ."

"ಹೌದು ನಾನಾಯ್, ನಿಲ್ಲಿಸ್ತಾರೆ," ಎಂದ ಬಾಗಿಲಲ್ಲಿ ನಿಂತಿದ್ದ ಸೆನ್ಯೊ. ಹೆಂಡತಿಯಂತೆ ಅವನೂ ಅತ್ತೆಯನ್ನು ನಾನಾಯ್, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದ.

"ಆದ್ರೆ ನೋಡಿ, ಎಲ್ಲ ಕಟ್ಟುಕಥೆ. ನಿಜವಾದ ಸೈನ್ಯ, ನಿಜವಾದ ಕಾಳಗ ಸ್ವಲ್ಪ ಇರ್ಬೇಕಪ್ಪ. ಸ್ಟೇಷನ್ ಮ್ಯಾನೇಜರ್ ಹತ್ರ ಮಾತಾಡಿದೀನಿ. ಒಬ್ಬ ಕ್ಯಾಪ್ಟನ್‌ನ ತನ್ನಿ. ಧೈರ್ಯವಂತ. ಬಾಳೆಗುಡ್ಡದ ಕಾಳಗ ಹಾಕಿ." ಅವನು ನಕ್ಕ. "ಹೆಸರು ಬೇಡ. ಜನಕ್ಕೆ ಗೊತ್ತಾಗತ್ತೆ."

ಮುದುಕ ಒಳಗಿನ ಕೋಣೆಯಿಂದ ಎದ್ದು ಬಂದ. ಕ್ರಿಸಾಂತಾ ಅವನ ಕಡೆ ನೋಡಲೇ ಇಲ್ಲ.

"ಹಾಕ್ತೀನಿ ಮೇಜರ್," ಅಂದಳು. "ಗುಡ್ಡದ ಮೇಲೆ ನೀವು ಕೊನೇ ತನಕ ಇದ್ರಲ್ಲ?"

"ಕೊನೇ ತನಕ."

"ಒಂದು ಗಾಯಾನೂ ಆಗಿಲ್ಲ ಅಲ್ವಾ?"

"ಒಂದು ಗೀರೂ ಇಲ್ಲ. ದೇವರ ದಯೆ." ಹೋಗುವಾಗ ಲೂದಿಯ ಹೊಟ್ಟೆ ನೋಡಿ, "ಸೆನ್ಯೊನ ನಾನು ಇಲ್ಲೇ ಇಟ್ಕೊಂಡಿದೀನಿ. ದಕ್ಷಿಣಕ್ಕೆ ಕಳಿಸು ಅಂತ ಮೇಲಿಂದ ಹೇಳ್ತಾನೇ ಇರ್ತಾರೆ," ಎಂದು ಒಂದು ಮಾತು ಇಟ್ಟು ಹೋದ.

ಬಾಗಿಲು ಹಾಕಿದ್ದೇ ತಡ ಮುದುಕ ಸಿಡಿದ. "ಮೊಮ್ಮಗನ್ನ ತಿಂದವನಿಗೆ ಹಾಡು ಕಟ್ತೀಯಾ? ನಿನಗೆ ನಾಚಿಕೆ ಆಗಲ್ವಾ?"

"ಲೋಲೋ, ಕೂಗಬೇಡಿ," ಎಂದಳು ಲೂದಿ. "ನಾನಾಯ್ ಇನ್ನೇನು ಅನ್ನಕ್ಕಾಗತ್ತೆ? ಇವನನ್ನ ದಕ್ಷಿಣಕ್ಕೆ ಹಾಕ್ತೀನಿ ಅಂತ ಮುಖಕ್ಕೇ ಹೇಳಿ ಹೋದ."

"ಈ ಮನೇಲಿ ನಾನು ಇನ್ನು ಅನ್ನ ಮುಟ್ಟಲ್ಲ."

"ಸರಿ, ಜೋಳದ ಗಂಜಿ ಮಾಡ್ಕೊಡ್ತೀನಿ," ಎಂದಳು ಕ್ರಿಸಾಂತಾ. ಹಂದಿಯ ಪಕ್ಕೆಯನ್ನು ಬಾಳೆಲೆ ಸಮೇತ ಎತ್ತಿ ಹಿತ್ತಲಿನ ನಾಯಿಗೆ ಹಾಕಿ ಬಂದಳು. ಸೆನ್ಯೊ ಅದನ್ನು ಆಸೆಯಿಂದಲೇ ನೋಡಿದ, ಪಾಪ.

ಮಾರನೆ ದಿನ ಅವಳು ಕೊಟ್ಟಿಗೆಯಲ್ಲಿ ಬಲೆ ಹೊಲಿಯುತ್ತಿದ್ದ ಮುದುಕನ ಪಕ್ಕ ಹೋಗಿ ಕುಕ್ಕರಗಾಲಲ್ಲಿ ಕೂತಳು.

"ಲೋಲೋ, ಅರ್ಜಿ ಬರೆದು ಬರೆದು ಅವನನ್ನ ಆ ಗುಡ್ಡದಿಂದ ಕೆಳಗಿಳಿಸಕ್ಕೆ ನಿಮ್ಮ ಕೈಲಿ ಆಗಲಿಲ್ಲ."

"ಆಗಲಿಲ್ಲ."

"ನಾನು ಮೇಲಕ್ಕೆ ಹತ್ತಿಸ್ತೀನಿ. ಎಷ್ಟು ಮೇಲೆ ಅಂದ್ರೆ, ಇಳಿಸ್ರಪ್ಪೋ ಅಂತ ಅವನೇ ಕೂಗ್ಬೇಕು. ಅದಕ್ಕೆ ನಿಮ್ಮ ಸಹಾಯ ಬೇಕು. ನನಗೆ ಆ ಗುಡ್ಡ ಗೊತ್ತಿಲ್ಲ, ಗುಂಡು ಗೊತ್ತಿಲ್ಲ. ಜನ ಒಂದು ದೊಡ್ಡ ಸುಳ್ಳು ನುಂಗಬೇಕು ಅಂದ್ರೆ ಮಿಕ್ಕಿದ್ದೆಲ್ಲ ಅಪ್ಪಟ ನಿಜ ಇರ್ಬೇಕು."

ಮುದುಕ ಬಲೆಯನ್ನು ಮಡಿಚಿಟ್ಟ. "ಯಾವುದು ಆ ಸುಳ್ಳು?"

"ತಾಯತ."

ಮುದುಕ ಮೈ ಕೊಡವಿಕೊಂಡು ಎದ್ದ. ಆಮೇಲೆ ಒಳಗೆ ಬಂದು ಅನ್ನ ಹಾಕು ಅಂದ.

*

ಆಮೇಲಿನ ವಾರಗಳಲ್ಲಿ ಆ ಊಟದ ಮೇಜು ಯುದ್ಧಭೂಮಿಯಾಯಿತು. ತಟ್ಟೆಗಳು ಗುಡ್ಡ, ಒಣಮೀನುಗಳು ಹುಡುಗರು, ಉಪ್ಪಿನ ಬಟ್ಟಲು ಮೆಷಿನ್‌ಗನ್ನು. ಮುದುಕ ಹೇಳುವುದು, ಸೊಸೆ ಟೈಪು ಮಾಡುವುದು.

"ಗುಂಡು ಢಂ ಅನ್ನಲ್ಲ," ಎಂದು ಅವನು ಬಡಿದಾಡುತ್ತಿದ್ದ. "ಕಿವಿ ಪಕ್ಕ ಹೋದ್ರೆ ಚಟ್ ಅನ್ನತ್ತೆ, ಒಣ ಬಿದಿರಿನ ಸೀಳು ಮುರಿದ ಹಾಗೆ. ಢಂ ಅನ್ನೋದು ಆಮೇಲೆ, ದೂರದಿಂದ. ಅಷ್ಟರಲ್ಲಿ ಸಾಯೋನು ಸತ್ತಿರ್ತಾನೆ."

"ಬರ್ಕೊಂಡೆ. ಮತ್ತೆ?"

"ಬೂಟಿನ ಅಟ್ಟೆ ಕಿತ್ತು ಬಂದಿರತ್ತೆ, ಬಳ್ಳೀಲಿ ಕಟ್ಕೊಂಡಿರ್ತಾರೆ. ಮಳೇಲಿ ನೆನೆದ ಅನ್ನ ಹುಳಿ ವಾಸನೆ ಬರತ್ತೆ, ಆದ್ರೂ ತಿಂತಾರೆ. ಗಾಯ ಆದವನು ವೀರನ ಹಾಗೆ ಭಾಷಣ ಮಾಡಲ್ಲ. ನೀರು ಕೇಳ್ತಾನೆ. ಅಮ್ಮನ್ನ ಕೇಳ್ತಾನೆ."

ಕ್ರಿಸಾಂತಾಳ ಬೆರಳು ಟೈಪ್‌ರೈಟರಿನ ಮೇಲೆ ನಿಂತುಹೋಯಿತು. ಲೂದಿ ಇಬ್ಬರ ಮುಂದೆಯೂ ಕಾಫಿ ತಂದಿಟ್ಟು ಹೋದಳು.

ಸ್ಟುಡಿಯೋದಲ್ಲಿ ಸದ್ದು ಮಾಡುವ ಹುಡುಗನಿಗೆ ಮುದುಕನೇ ಹೋಗಿ ಬಿದಿರು ಸೀಳುವುದನ್ನು ಹೇಳಿಕೊಟ್ಟ. ಅಲ್ಲಿ ತನಕ ತೆಂಗಿನ ಚಿಪ್ಪು, ತಗಡಿನ ಡಬ್ಬಿ ಬಡಿದು ಕಾಳಗ ಮಾಡುತ್ತಿದ್ದವರು ಬೆಪ್ಪಾದರು. ಧಾರಾವಾಹಿಯ ಆ ಭಾಗಗಳು ಪ್ರಸಾರವಾದಾಗ ಮಾರುಕಟ್ಟೆಯಲ್ಲಿ ಒಬ್ಬ ಹೆಂಗಸೂ ಉಸಿರೆತ್ತಲಿಲ್ಲ. ನೆನೆದ ಅನ್ನ, ಬಳ್ಳಿ ಕಟ್ಟಿದ ಬೂಟು, ನೀರು ಕೇಳುವ ಹುಡುಗ. ಮಕ್ಕಳನ್ನು ದಕ್ಷಿಣಕ್ಕೆ ಕಳಿಸಿದ್ದ ತಾಯಂದಿರು ಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಆ ನಿಜದ ನಟ್ಟನಡುವೆ ಕ್ಯಾಪ್ಟನ್ ನಡೆದು ಬಂದ. ಎದೆಯ ಮೇಲೆ ಹಿತ್ತಾಳೆ ತಗಡಿನ ತಾಯತ; ಗುಂಡುಗಳು ಮೈಗೆ ತಾಗಿ ಹೆಸರುಕಾಳಿನ ಹಾಗೆ ಉದುರಿದವು. ಜನ ಅದನ್ನೂ ನಂಬಿದರು. ತಾಯತವಿಲ್ಲದ ಗಂಡಸು ಆ ಸೀಮೆಯಲ್ಲಿ ಯಾರಿದ್ದಾರೆ? ಹೆಂಡ ಇಳಿಸುವವನಿಗೆ ಒಂದು, ಮೀನು ಹಿಡಿಯುವವನಿಗೆ ಒಂದು, ಕಳ್ಳನಿಗೆ ಎರಡು.

ಸುದ್ದಿಯನ್ನೆಲ್ಲ ರಾತ್ರಿ ಊಟಕ್ಕೆ ಸೆನ್ಯೊ ತರುತ್ತಿದ್ದ.

"ಇವತ್ತು ಮೀನು ಮಾರುವ ಹೆಂಗಸು ಮೇಜರ್ ತೋಳು ಮುಟ್ಟಿ ಕಣ್ಣಿಗೊತ್ಕೊಂಡಳು. ದುಡ್ಡೂ ತಗೊಳ್ಳಲಿಲ್ಲ."

"ಅವನೇನಂದ?"

"'ಅದೆಲ್ಲ ಬಾಯಿಬಿಟ್ಟು ಹೇಳಬಾರದು' ಅಂತ ಮುಗುಳ್ನಕ್ಕ. ನಿನ್ನೆ ಮಾರುಕಟ್ಟೇಲಿ ಹಿತ್ತಾಳೆ ತಗಡು ಒಂದು ಕೊಂಡುಕೊಂಡು ಕೊರಳಿಗೆ ಹಾಕ್ಕೊಂಡ ನಾನಾಯ್. ಶರ್ಟಿನ ಮೇಲಿನ ಗುಂಡಿ ಈಗ ಹಾಕ್ಕೊಳ್ಳಲ್ಲ."

ಮುದುಕ ಗೊಳ್ಳನೆ ನಕ್ಕು ಕೆಮ್ಮಿದ. "ಹತ್ತಿದಾನೆ, ಹತ್ತಿದಾನೆ!"

"ಇನ್ನೂ ಹತ್ತಲಿ," ಎಂದಳು ಕ್ರಿಸಾಂತಾ. ಅವಳಿಗೆ ಆ ವಾರಗಳಲ್ಲಿ ಹಸಿವು ಚೆನ್ನಾಗಿ ಆಗುತ್ತಿತ್ತು. ಮಗ ಸತ್ತ ಮೇಲೆ ಮೊದಲ ಸಲ ತಟ್ಟೆಗೆ ಎರಡನೇ ಸಲ ಬಡಿಸಿಕೊಂಡು ಉಂಡಳು.

*

ಪವಿತ್ರ ವಾರದ ಬುಧವಾರದ ಸ್ಕ್ರಿಪ್ಟನ್ನು ಲೂದಿ ಅಡುಗೆಮನೆಯಲ್ಲಿ ನಿಂತು ಓದಿದಳು. ಅದು ಮುಗಿದ ಮೇಲೆ ಈಸ್ಟರ್ ತನಕ ಧಾರಾವಾಹಿ ಇಲ್ಲ, ಶುಕ್ರವಾರ ರೇಡಿಯೋನೇ ಮೌನ. ಆ ಕಂತಿನಲ್ಲಿ ಗುಹೆಯ ಸನ್ಯಾಸಿ ಕ್ಯಾಪ್ಟನ್‌ಗೆ ಹೇಳುತ್ತಾನೆ: ಶುಭ ಶುಕ್ರವಾರ ಹತ್ತಿರ ಬಂತು, ಅವತ್ತು ಜನರ ಕಣ್ಣೆದುರಿಗೆ, ನಂಬಿದವನ ಮಚ್ಚಿಗೆ ತೋಳೊಡ್ಡು, ಒಡ್ಡದಿದ್ದರೆ ತಾಯತ ಸತ್ತುಹೋಗುತ್ತದೆ, ಊರಿಗೆ ಕೇಡು.

ಅದು ಸನ್ಯಾಸಿ ಹೊಸದಾಗಿ ಹೇಳಿದ್ದೇನಲ್ಲ. ತಾಯತ ಕಟ್ಟಿದವರೆಲ್ಲ ಶುಭ ಶುಕ್ರವಾರದ ದಿನ ಅದನ್ನು ಪರೀಕ್ಷೆ ಮಾಡಿಸುವುದು ಇದ್ದದ್ದೇ. ಲೂದಿಗೆ ತಕ್ಷಣ ತಾಯಿಯ ಲೆಕ್ಕವೆಲ್ಲ ತಿಳಿಯಿತು.

"ನಾನಾಯ್, ಇದನ್ನ ಹರಿದು ಹಾಕು."

"ಯಾಕೆ, ಇಂದಾಯ್?" ಮಗಳನ್ನು ಅವಳು ಮುದ್ದಿನಿಂದ ಕರೆಯುವುದೇ ಹಾಗೆ.

"ಜನ ಮಚ್ಚು ತಗೊಂಡು ಅವನ ಮನೆ ಮುಂದೆ ನಿಲ್ತಾರೆ. ಅವನ ಮಾನ ಹೋಗತ್ತೆ. ಮಾರನೆ ದಿನ ಸೆನ್ಯೊ ದಕ್ಷಿಣಕ್ಕೆ ಹೋಗ್ತಾನೆ. ಇದು ನಿನಗೆ ಗೊತ್ತಾಗಲ್ವಾ?"

"ಹೊಗಳಿ ಬರೆದಿದೀನಿ, ಇಂದಾಯ್. ಒಂದು ಬೈಗುಳ ತೋರಿಸು ಇದರಲ್ಲಿ. ಹೊಗಳಿದ್ದಕ್ಕೆ ಯಾರು ಏನು ಮಾಡ್ತಾರೆ?"

"ಕೋರ್ಟಿನಲ್ಲಿ ಹೇಳೋ ಮಾತು ನನ್ನ ಹತ್ರ ಹೇಳ್ಬೇಡ!" ಲೂದಿ ಸೌಟನ್ನು ಪಾತ್ರೆಗೆ ಎಸೆದಳು. ತೆಂಗಿನಹಾಲು ಒಲೆಯ ಮೇಲೆಲ್ಲ ಚೆಲ್ಲಿತು. "ವಿದಾಲ್ ನನ್ನ ತಮ್ಮನೂ ಹೌದು. ನಾನೇ ಎತ್ತಿ ಆಡಿಸಿದವಳು. ಅವನು ಹೋದ. ಹೋದವನಿಗೋಸ್ಕರ ಇದ್ದವನನ್ನ ಕೊಡ್ತೀಯಾ?"

ಕ್ರಿಸಾಂತಾ ಬಟ್ಟೆ ತಗೊಂಡು ಒಲೆ ಒರೆಸಿದಳು. ಒರೆಸುತ್ತಲೇ ಅಂದಳು, "ನಿನ್ನ ತಮ್ಮನ್ನ ಓಡಿಹೋದವನು ಅಂತಾರೆ. ನಾಳೆ ನಿನ್ನ ಮಗೂನ ಓಡಿಹೋದವನ ಸೋದರಳಿಯ ಅಂತಾರೆ."

"ಅನ್ನಲಿ! ಅಪ್ಪ ಇಲ್ಲದ ಮಗು ಅನ್ನೋದಕ್ಕಿಂತ ವಾಸಿ."

ಸೆನ್ಯೊ ಬಾವಿಯಿಂದ ನೀರು ತಂದವನು ಇಬ್ಬರ ನಡುವೆ ಕೊಡ ಹಿಡಿದುಕೊಂಡು ನಿಂತ. "ನೀನೇ ಹೇಳು ನಾನಾಯ್‌ಗೆ," ಎಂದು ಲೂದಿ ಅವನನ್ನು ನೂಕಿದಳು.

"ನಾನೇನು ಹೇಳ್ಲಿ?" ಎಂದ ಸೆನ್ಯೊ. "ಸೈನ್ಯದವನು ನಾನು. ಕಳಿಸಿದ್ರೆ ಹೋಗ್ತೀನಿ."

"ನೋಡು, ಅವನಿಗೇ..." ಎಂದಳು ಕ್ರಿಸಾಂತಾ.

"ಹೋಗಕ್ಕೆ ಇಷ್ಟ ಅಂತ ಹೇಳಲಿಲ್ಲ ನಾನಾಯ್," ಎಂದ ಅವನು ಮೆಲ್ಲಗೆ. ಕೊಡ ಇಳಿಸಿ ಹೊರಗೆ ಹೋದ.

ಆ ಮಾತು ಕ್ರಿಸಾಂತಾಳಿಗೆ ತಾಗಿತು. ತಾಗಲಿಲ್ಲ ಎಂದರೆ ಸುಳ್ಳಾದೀತು. ಅವಳು ಸ್ಕ್ರಿಪ್ಟನ್ನು ಕೈಯಲ್ಲಿ ಹಿಡಿದು ಒಲೆಯ ಮುಂದೆ ನಿಂತಳು, ಬೆಂಕಿ ಅಲ್ಲೇ ಇತ್ತು. ಬೋಳು ಪೆಟ್ಟಿಗೆಯನ್ನು ದೋಣಿಯಿಂದ ಇಳಿಸಿದ ದಿನ ಬಾವುಟವಿಲ್ಲದ್ದು ಕಾಣಬಾರದೆಂದು ತನ್ನ ಮೇಜುಬಟ್ಟೆಯನ್ನೇ ಅದರ ಮೇಲೆ ಹೊದಿಸಿದ್ದಳು. ಅಧಿಕಾರಿಯೊಬ್ಬ ಬಂದು ಅದನ್ನೂ ತೆಗೆಸಿದ್ದ. ಅವಳು ಸ್ಕ್ರಿಪ್ಟನ್ನು ಚೀಲಕ್ಕೆ ಹಾಕಿಕೊಂಡಳು.

ಲೂದಿ ಸ್ಟುಡಿಯೋಗೆ ಬರಲಿಲ್ಲ. ನಾಯಕಿಯ ಮಾತುಗಳನ್ನು ಕ್ರಿಸಾಂತಾನೇ ದನಿ ಬದಲಿಸಿ ಹೇಳಿದಳು.

*

ಶುಭ ಶುಕ್ರವಾರದ ಬೆಳಿಗ್ಗೆ ತಾಲಿಸಾಯ್‌ನಲ್ಲಿ ನಾಯಿಯೂ ಬೊಗಳಲಿಲ್ಲ. ಆ ದಿನ ಯಾರೂ ಸ್ನಾನ ಮಾಡುವುದಿಲ್ಲ, ಸೌದೆ ಒಡೆಯುವುದಿಲ್ಲ. ಮನೆಮನೆಯಲ್ಲೂ ಗೆಣಸು, ಬಾಳೆ, ಸಬ್ಬಕ್ಕಿ ಹಾಕಿದ ತೆಂಗಿನಹಾಲಿನ ಬಿನಿಗ್ನಿತ್ ಕುದಿಯುತ್ತಿತ್ತು. ಮೇಜರನ ಅಂಗಳದ ಮಾವಿನಮರದ ಕೆಳಗೆ ಮಾತ್ರ ಜನ ಸೇರತೊಡಗಿದರು. ಮೀನಿನವರು, ಹೆಂಡ ಇಳಿಸುವವರು, ದೂರದ ಕಾರ್ಕಾರ್‌ನಿಂದ ಬಸ್ಸು ಹತ್ತಿ ಬಂದ ಮುದುಕಿಯರು. ಕ್ರಿಸಾಂತಾ ತಲೆಗೆ ಕಪ್ಪು ವಸ್ತ್ರ ಹೊದ್ದು ಅವರ ನಡುವೆ ನಿಂತಳು. ಸೆನ್ಯೊ ಜೀಪಿನ ಪಕ್ಕ ಕಾವಲಿಗಿದ್ದ.

ಮೇಜರನಿಗೆ ಮೊದಮೊದಲು ಖುಷಿಯೋ ಖುಷಿ. ಮುದುಕಿಯರಿಗೆ ಕುರ್ಚಿ ಹಾಕಿಸಿದ. ಹೆಂಡ ಇಳಿಸುವವನೊಬ್ಬ ತನ್ನ ತಾಯತವನ್ನು ಹಲ್ಲಲ್ಲಿ ಕಚ್ಚಿಕೊಂಡು ಮಚ್ಚಿನಿಂದ ತನ್ನ ತೋಳಿಗೇ ಏಟು ಹಾಕಿಕೊಂಡ. ಚರ್ಮ ಕೆಂಪಾಯಿತು, ರಕ್ತ ಬರಲಿಲ್ಲ. ಜನ ಶಿಲುಬೆಯ ಗುರುತು ಮಾಡಿಕೊಂಡರು.

"ಎಳೆಯದೆ ಬರೀ ಹೊಡೆದ್ರೆ ಮಚ್ಚು ಕೊಯ್ಯಲ್ಲ," ಎಂದು ಪ್ರೊಕೊಪ್ಯೊ ಸೊಸೆಯ ಕಿವಿಯಲ್ಲಿ ಹೇಳಿದ. "ನಾನು ಎಳೀತೀನಿ." ಹಳೆಯ ಖಾಕಿ ಸಮವಸ್ತ್ರ ತೊಟ್ಟು, ಸೊಂಟದ ಒರೆಯಲ್ಲಿ ಮಚ್ಚು ಇಟ್ಟುಕೊಂಡು ಬಂದಿದ್ದ ಮುದುಕ ಮುಂದೆ ಹೋಗಿ ಬೂಟು ಕುಟ್ಟಿ ಸಲ್ಯೂಟ್ ಹೊಡೆದ.

"ಸಾರ್ಜೆಂಟ್ ಪ್ರೊಕೊಪ್ಯೊ, ಸರ್! ನಿಮ್ಮ ತಾಯತ ಪರೀಕ್ಷೆ ಮಾಡೋ ಭಾಗ್ಯ ಈ ಮುದುಕನಿಗೆ ಕೊಡಿ."

ಮೇಜರನಿಗೆ ಗುರುತು ಸಿಕ್ಕಿತು. ನಗು ಸ್ವಲ್ಪ ಇಳಿಯಿತು. "ಇವತ್ತು ಬೇಡ ಅಜ್ಜ. ಪವಿತ್ರ ದಿನ."

"ಇವತ್ತೇ ಆಗ್ಬೇಕು!" ಎಂದಿತು ಗುಂಪು. "ಸನ್ಯಾಸಿ ಹೇಳಲಿಲ್ವಾ? ಇಲ್ಲಾಂದ್ರೆ ಊರಿಗೆ ಕೇಡು!"

"ಅದು ನಾಟಕ ಕಣ್ರಪ್ಪಾ..."

ಜನ ಪ್ರೀತಿಯಿಂದ ನಕ್ಕರು. ನೋಡ್ರೇ, ಎಷ್ಟು ವಿನಯ! ಇಬ್ಬರು ಹೆಂಗಸರು ಬಂದು ಅವನ ಕೈ ಹಿಡಿದರು, ಮುದುಕ ಕ್ಷೌರಿಕನ ಹಾಗೆ ನಾಜೂಕಾಗಿ ಅವನ ತೋಳಿನ ಅಂಗಿಯನ್ನು ಮೊಣಕೈ ತನಕ ಮಡಿಚಿದ. ತೋಳು ಬೆಳ್ಳಗೆ, ಮೆತ್ತಗಿತ್ತು. ಮುದುಕ ಒರೆಯಿಂದ ಮಚ್ಚು ಹಿರಿದ.

"ಸೆನ್ಯೊ!" ಎಂದು ಮೇಜರ್ ಕೂಗಿದ. "ಇವರನ್ನ ದೂರ ಸರಿಸು!"

ಸೆನ್ಯೊ ಒಂದು ಹೆಜ್ಜೆ ಮುಂದೆ ಬಂದ. ಅತ್ತೆಯ ಮುಖ ನೋಡಿದ. ಆಮೇಲೆ ಕೈ ಕಟ್ಟಿಕೊಂಡು ಅಲ್ಲೇ ನಿಂತ. "ಅವರೆಲ್ಲ ನಿಮ್ಮ ಭಕ್ತರು, ಸರ್," ಎಂದ.

"ತಾಯತ ಸುಳ್ಳು! ಹಿತ್ತಾಳೆ ತಗಡು ಇದು, ಮಾರುಕಟ್ಟೇಲಿ ಕೊಂಡಿದ್ದು!"

"ತಾಯತ ಸುಳ್ಳಾ ಸರ್?" ಮುದುಕ ಮಚ್ಚನ್ನು ಒರೆಗೆ ಸೇರಿಸಲಿಲ್ಲ. "ಹಾಗಾದ್ರೆ ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಆ ಗುಡ್ಡದ ಮೇಲೆ ಇಪ್ಪತ್ತು ಹುಡುಗರು ಸತ್ರು. ಉಳಿದವರು ಕೈ ಕಾಲು ಕಳ್ಕೊಂಡ್ರು. ನೀವು ಕೊನೇ ತನಕ ಅಲ್ಲೇ ಇದ್ರಿ, ಒಂದು ಗೀರಿಲ್ಲದೆ ಬಂದ್ರಿ. ತಾಯತ ಇಲ್ಲದೆ ಅದು ಹೇಗೆ ಸರ್?"

ಜನರ ಕಣ್ಣಲ್ಲಿ ಅನುಮಾನವಿರಲಿಲ್ಲ, ಭಕ್ತಿಯಿತ್ತು. ಅದೇ ಅವನ ಗ್ರಹಚಾರ. ಶತ್ರುಗಳಾಗಿದ್ದರೆ ಬಿಡಿಸಿಕೊಳ್ಳಲು ಬಂದೂಕಾದರೂ ತೆಗೆಯಬಹುದಿತ್ತು. ಮುದುಕ ಮಚ್ಚೆತ್ತಿದ.

"ಇರಲಿಲ್ಲ!" ಮೇಜರ್ ಕಿರುಚಿದ. "ನಾನು ಅಲ್ಲಿರಲಿಲ್ಲ!"

"ಎಲ್ಲಿ ಸರ್? ಹಿಂದಿನವರಿಗೆ ಕೇಳಿಸಲಿಲ್ಲ."

"ಗುಡ್ಡದ ಮೇಲೆ! ನಾನು ಪೇಟೇಲಿದ್ದೆ! ಗುಡ್ಡ ಹತ್ತಲೇ ಇಲ್ಲ, ಬಿಡ್ರೋ ಕೈ!"

ಕೈ ಹಿಡಿದಿದ್ದ ಹೆಂಗಸರು ಕೊಳೆತ ಮೀನು ಮುಟ್ಟಿದವರ ಹಾಗೆ ಬಿಟ್ಟುಬಿಟ್ಟರು. ಎಷ್ಟು ವರ್ಷ ಕಾದಿದ್ದ ಮಾತು! ಜೇನು ತಿಂದ ಹಾಗೆ ಇಳಿಯಿತು ಕ್ರಿಸಾಂತಾಳ ಗಂಟಲಲ್ಲಿ, ಮುಚ್ಚಿಡುವುದೇನು.

ಕುರ್ಚಿಯಲ್ಲಿ ಕೂತಿದ್ದ ಕಾರ್ಕಾರ್‌ನ ಮುದುಕಿ ಎದ್ದಳು. ಅವಳ ಕಿರಿಮಗನೂ ಅದೇ ಗುಡ್ಡದ ಮೇಲೆ ಸತ್ತವನು. ಮಗ ಸಾಯುವಾಗ ಕ್ಯಾಪ್ಟನ್ ಪಕ್ಕದಲ್ಲಿದ್ದ ಎಂಬ ಸಮಾಧಾನದಲ್ಲೇ ಅವಳು ಇಷ್ಟು ದಿನ ಬದುಕಿದ್ದಳು, ಅವನ ಕೈ ಮುಟ್ಟಬೇಕೆಂದೇ ಬಂದಿದ್ದಳು.

"ನೀನಿರಲಿಲ್ಲ ಅಂದ್ರೆ," ಎಂದು ಅವಳು ಕೇಳಿದಳು, "ನನ್ನ ಮಗು ಹತ್ರ ಯಾರಿದ್ರಪ್ಪಾ?"

ಮೇಜರ್ ಮಡಿಚಿದ್ದ ಅಂಗಿಯ ತೋಳನ್ನು ಕೆಳಗೆಳೆದುಕೊಳ್ಳತೊಡಗಿದ.

"ನನ್ನ ಮಗ ಇದ್ದ," ಎಂದಳು ಕ್ರಿಸಾಂತಾ. ದನಿ ಬದಲಿಸದೆ, ಎಲ್ಲರಿಗೂ ಕೇಳುವ ಹಾಗೆ. "ವಿದಾಲ್. ಗಾಯ ಆದವರನ್ನ ಬಿಟ್ಟು ಬರಲ್ಲ ಅಂತ ಕೂತ."

ಮುದುಕಿ ಬಂದು ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು. ಮೇಜರ್ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಯಾರೂ ಅವನ ಕಡೆ ತಿರುಗಿ ನೋಡಲಿಲ್ಲ.

*

ಈಸ್ಟರ್ ಕಳೆದ ವಾರದಲ್ಲೇ ಸೆನ್ಯೊಗೆ ಆಜ್ಞೆ ಬಂತು. ದಕ್ಷಿಣದ ದ್ವೀಪ, ಅದೇ ಪಡೆ. ಮೇಜರ್ ಮಾರುಕಟ್ಟೆಗೆ ಬರುವುದನ್ನು ನಿಲ್ಲಿಸಿದ್ದ, ಮೀನಿನ ಹೆಂಗಸರು ಅವನ ಅಡುಗೆಯವಳಿಗೂ "ನಿಮ್ಮ ಕ್ಯಾಪ್ಟನ್‌ಗೆ ನೂಡಲ್ಸ್ ಬೇಡ್ವಾ?" ಎಂದು ಕೇಳುತ್ತಿದ್ದರು. ಆದರೆ ಸಹಿ ಹಾಕುವ ಅಧಿಕಾರವನ್ನು ಅವನ ಕೈಯಿಂದ ಯಾರೂ ಕಿತ್ತುಕೊಂಡಿರಲಿಲ್ಲ.

ಲೂದಿ ಒಂದು ವಾರ ಮೇಜಿಗೆ ಬಂದು ಉಣ್ಣಲಿಲ್ಲ, ತಟ್ಟೆಯನ್ನು ಕೋಣೆಗೆ ಒಯ್ಯುತ್ತಿದ್ದಳು. ಹೆರಿಗೆಗೆ ಬೊಹೋಲ್‌ನಲ್ಲಿರುವ ಗಂಡನ ತಾಯಿಯ ಮನೆಗೆ ಹೋಗುತ್ತೇನೆ ಎಂದು ತಾತನ ಮೂಲಕ ಹೇಳಿ ಕಳಿಸಿದಳು. ಹಡಗು ಗಂಡನನ್ನೂ ಅವಳನ್ನೂ ಬೊಹೋಲ್ ತನಕ ಒಟ್ಟಿಗೆ ಒಯ್ಯುವುದಿತ್ತು. ಅಲ್ಲಿಂದ ಅವನು ಒಬ್ಬನೇ ಮುಂದಕ್ಕೆ.

ಬಂದರಿನಲ್ಲಿ ಕ್ರಿಸಾಂತಾ ಎಲೆಯಲ್ಲಿ ಕಟ್ಟಿದ ಅನ್ನದ ಗಂಟನ್ನು ಅಳಿಯನ ಕೈಗೆ ಕೊಟ್ಟಳು. ಮುದುಕ ಅವನನ್ನು ಪಕ್ಕಕ್ಕೆ ಕರೆದು ತಲೆ ಎತ್ತಬೇಡ, ಬೂಟು ಒಣಗಿಸಿಕೋ ಎಂದು ಏನೇನೋ ಹೇಳುತ್ತಲೇ ಇದ್ದ. ಸೆನ್ಯೊ ಎಲ್ಲಕ್ಕೂ ಹೂಂಗುಟ್ಟಿದ. ಮೊದಲು ಮುದುಕನ ಕೈ, ಆಮೇಲೆ ಅತ್ತೆಯ ಕೈ ತೆಗೆದುಕೊಂಡು ಆಶೀರ್ವಾದಕ್ಕೆಂದು ತನ್ನ ಹಣೆಗೆ ಮುಟ್ಟಿಸಿಕೊಂಡ. "ಬರ್ತೀನಿ ನಾನಾಯ್," ಎಂದ.

"ಹೋಗಿ ಬಾ ದೋಂಗ್."

ಲೂದಿ ಚೀಲ ಹೆಗಲಿಗೇರಿಸಿ ತಾಯಿಯ ಎದುರು ನಿಂತಳು. ಒಂದು ವಾರದ ಮೇಲೆ ಮೊದಲ ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಒಂದೇ ಒಂದು ಕೇಳ್ತೀನಿ. ಇವನನ್ನ ಕಳಿಸ್ತಾರೆ ಅಂತ ಖಂಡಿತ ಗೊತ್ತಿದ್ದಿದ್ರೆ ಬರೀತಿದ್ಯಾ?"

ಇಲ್ಲ ಅಂದಿದ್ದರೆ ಸಾಕಿತ್ತು. ಲೂದಿ ಬಾಗಿ ತಾಯಿಯ ಕೈಯನ್ನೂ ಹಣೆಗೊತ್ತಿಕೊಳ್ಳಲು ಕಾದಿದ್ದಳು, ಅದು ಅವಳ ಮುಖದಲ್ಲೇ ಇತ್ತು. ಬದುಕೆಲ್ಲ ಸುಳ್ಳನ್ನು ನಿಜದ ಹಾಗೆ ಹೆಣೆದು ಅನ್ನ ಸಂಪಾದಿಸಿದ ಹೆಂಗಸಿಗೆ ಇನ್ನೊಂದು ಸುಳ್ಳು ಕಷ್ಟದ್ದೇನಲ್ಲ. ಆದರೆ ಕ್ರಿಸಾಂತಾಳ ಬಾಯಿಗೆ ಅದು ಬರಲಿಲ್ಲ.

"ಗೊತ್ತಿತ್ತು, ಇಂದಾಯ್. ಗೊತ್ತಿದ್ದೇ ಬರೆದೆ."

ಲೂದಿ ತಲೆಯಾಡಿಸಿದಳು. ತಾತನ ಕೈಯನ್ನು ಹಣೆಗೆ ಮುಟ್ಟಿಸಿಕೊಂಡಳು. ತಾಯಿ ಚಾಚಿದ್ದ ಕೈಯ ಪಕ್ಕದಿಂದ ಹಾದು, ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಹಡಗಿನ ಹಲಗೆ ಹತ್ತಿದಳು.